ದುಬೈನಲ್ಲಿ ಬಾಡಿಗೆ ಫ್ಲ್ಯಾಟು: ಕೊಡಿಸಿದ್ದಕ್ಕೆ ಐದಕ್ಕೆ ಐದು, ನೋಡಿಕೊಂಡಿದ್ದಕ್ಕೆ ಮೂರು

ಕಳೆದ ವರ್ಷ ನಾನು, ನಮ್ಮನೆಯವರು ಸೇರಿ ದುಬೈನ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟು ಕೊಂಡೆವು. ನಾವಿಬ್ಬರೂ ದಾವಣಗೆರೆಯಲ್ಲಿ ದಂತವೈದ್ಯರು. ದುಬೈನಲ್ಲಿ ನಮಗೆ ಕೆಲಸವಿಲ್ಲ, ವಾಸದ ವೀಸಾ ಇಲ್ಲ. ದೇಶದ ಹೊರಗೆ ಆಸ್ತಿ ಅಂತ ಮಾಡಿದ್ದು ಇದೇ ಮೊದಲು. ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕಿನಲ್ಲಿದ್ದ ಸೈಟು ಮಾರಿದ ಹಣ ಕೈಯಲ್ಲಿತ್ತು. ಫ್ಲ್ಯಾಟು ಹುಡುಕಿ ಕೊಡಿಸಿದ್ದು, ಈಗ ಬಾಡಿಗೆ ನೋಡಿಕೊಳ್ಳುತ್ತಿರುವುದು ದುಬೈನ ಕರಾಮಾದಲ್ಲಿರುವ ಒಂದು ಸಣ್ಣ ಏಜೆನ್ಸಿ. ಹೊಗಳಿಕೆಯ ಜೊತೆ ದೂರೂ ಇರುವುದರಿಂದ ಹೆಸರು ಹಾಕುತ್ತಿಲ್ಲ. ಆದರೆ ಇಂಥ ಏಜೆನ್ಸಿಯ ಹತ್ತಿರ ಏನು ಕೇಳಬೇಕು, ಅವರ ಬಾಯಿಂದ ಏನು ಬರಬೇಕು ಎಂಬುದು ಹೊಸಬರಿಗೆ ಗೊತ್ತಾಗಲಿ ಅಂತ ಎಲ್ಲ ವಿವರ ಬರೆಯುತ್ತಿದ್ದೇನೆ.

ಮೊದಲು ನಮ್ಮನ್ನು ಸೆಳೆದದ್ದು ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ನಡೆದ ಒಂದು ಪ್ರದರ್ಶನ. ಇನ್ನೂ ಕಟ್ಟದ ಕಟ್ಟಡದ ಮಾದರಿ, ತಿಂಗಳಿಗೆ ಶೇ. 1ರಷ್ಟು ಕಂತು, ಶೇ. 9 ಬಾಡಿಗೆ ಆದಾಯ ಎಂಬ ದೊಡ್ಡ ಅಕ್ಷರ. ಯಾವ ಖರ್ಚು ಕಳೆದು ಶೇ. 9 ಎಂದು ಕೇಳಿದರೆ ಅಲ್ಲಿದ್ದ ಯಾರೂ ಸರಿಯಾಗಿ ಹೇಳಲಿಲ್ಲ. ಹಾಗಾಗಿ ಕಟ್ಟಿ ಮುಗಿದ, ಜನ ವಾಸವಿರುವ ಕಟ್ಟಡದಲ್ಲೇ ಕೊಳ್ಳೋಣ ಅಂತ ತೀರ್ಮಾನಿಸಿ, ದುಬೈನಲ್ಲಿರುವ ನಮ್ಮ ಅಕ್ಕನ ಮಗನ ಮೂಲಕ ಈ ಏಜೆನ್ಸಿಗೆ ಬಂದೆವು.

ನಮ್ಮ ಜೊತೆ ಓಡಾಡಿದ ಬ್ರೋಕರ್ ಬಂಟ್ವಾಳದ ಕಡೆಯ ಹೆಣ್ಣುಮಗಳು. ಮೊದಲ ಭೇಟಿಯಲ್ಲೇ ತನ್ನ ಬ್ರೋಕರ್ ನೋಂದಣಿ ಸಂಖ್ಯೆ ಕೊಟ್ಟು, ‘ದುಬೈ ರೆಸ್ಟ್’ ಆ್ಯಪಿನಲ್ಲಿ ಹಾಕಿ ನೋಡಿಕೊಳ್ಳಿ ಎಂದಳು. ಅದು ಅಲ್ಲಿನ ಭೂ ಇಲಾಖೆಯದೇ ಆ್ಯಪು. ಕೇಳುವ ಮೊದಲೇ ಕೊಟ್ಟದ್ದು ನನಗೆ ಹಿಡಿಸಿತು.

ನಾವು ಮೆಚ್ಚಿದ್ದ ಮೊದಲ ಫ್ಲ್ಯಾಟನ್ನು ಅವಳೇ ಬೇಡವೆಂದಳು. ಸುತ್ತಲಿನ ದರಕ್ಕಿಂತ ಬೆಲೆ ಸಾಕಷ್ಟು ಕಡಿಮೆ ಇತ್ತು, ಅಡುಗೆಮನೆ ಹೊಸದು, ಎರಡನೇ ಮಹಡಿ. “ಡಾಕ್ಟ್ರೇ, ಇದು ಬೇಡ ಮಾರಾಯ್ರೆ. ಒಳಗೆ ಇರುವವರು ವರ್ಷಕ್ಕೆ 34 ಸಾವಿರ ಕೊಡ್ತಾ ಇದ್ದಾರೆ. ಅವರನ್ನು ನಿಮಗೆ ಎಬ್ಬಿಸ್ಲಿಕ್ಕೆ ಆಗುವುದಿಲ್ಲ” ಎಂದು, ಅಲ್ಲೇ ಮೆಟ್ಟಿಲ ಹತ್ತಿರ ನಿಂತು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಳು. ಅಂಥ ಫ್ಲ್ಯಾಟಿಗೆ ಆಗ ಸುಮಾರು 52 ಸಾವಿರ ದಿರ್ಹಮ್ ಬಾಡಿಗೆ ನಡೆಯುತ್ತಿತ್ತು. ಹೊಸ ಮಾಲೀಕರು ಬಂದ ಮಾತ್ರಕ್ಕೆ ಹಳೆಯ ಬಾಡಿಗೆ ಕರಾರು ಬಿದ್ದುಹೋಗುವುದಿಲ್ಲ. ದುಬೈ ಸರ್ಕಾರದ 2013ರ 43ನೇ ಆದೇಶದ ಪ್ರಕಾರ, ಈಗಿನ ಬಾಡಿಗೆ ಆ ಪ್ರದೇಶದ ಸರಾಸರಿಗಿಂತ ಎಷ್ಟು ಕಡಿಮೆ ಇದೆ ಎಂಬುದರ ಮೇಲೆ ಏರಿಕೆಯ ಮಿತಿ ನಿಂತಿದೆ. ಶೇ. 10ರವರೆಗೆ ಕಡಿಮೆ ಇದ್ದರೆ ಒಂದು ದಿರ್ಹಮ್ ಕೂಡ ಏರಿಸುವ ಹಾಗಿಲ್ಲ; ಅಲ್ಲಿಂದ ಮುಂದೆ ಹಂತಹಂತವಾಗಿ ಶೇ. 5, 10, 15, ವ್ಯತ್ಯಾಸ ಶೇ. 40 ದಾಟಿದರೂ ಏರಿಕೆ ಶೇ. 20 ಮೀರುವಂತಿಲ್ಲ. 34 ಸಾವಿರ ಎಂದರೆ ಸರಾಸರಿಗಿಂತ ಸುಮಾರು ಶೇ. 35 ಕಡಿಮೆ, ಏರಿಸಬಹುದಾದ್ದು ಶೇ. 15. ಅಂದರೆ 39,100. ಅದನ್ನೂ ಕರಾರು ಮುಗಿಯುವ 90 ದಿನ ಮೊದಲೇ ತಿಳಿಸಿರಬೇಕು. ಖಾಲಿ ಮಾಡಿಸಬೇಕೆಂದರೆ ಮಾರಾಟ, ಸ್ವಂತ ವಾಸದಂಥ ಕಾರಣವಿರಬೇಕು, ನೋಟರಿ ಮೂಲಕ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ 12 ತಿಂಗಳ ನೋಟಿಸ್ ಕೊಡಬೇಕು. ಸ್ವಂತಕ್ಕೆ ಬೇಕೆಂದು ಬಿಡಿಸಿಕೊಂಡರೆ ಎರಡು ವರ್ಷ ಬೇರೆಯವರಿಗೆ ಬಾಡಿಗೆಗೆ ಕೊಡುವಂತಿಲ್ಲ. ಬೆಲೆ ಯಾಕೆ ಕಡಿಮೆ ಎಂಬುದು ಆ ಒಂದು ಪುಟದಲ್ಲೇ ಗೊತ್ತಾಯಿತು. ಈ ಕಾನೂನು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಬಾಡಿಗೆಗೆ ಇರುವ ಸಂಸಾರಕ್ಕೆ ಅಷ್ಟು ಭದ್ರತೆ ಇರಬೇಕು. ಆದರೆ ಕೊಳ್ಳುವವರಿಗೆ ಅದು ಮೊದಲೇ ಗೊತ್ತಿರಬೇಕು. ಕಮಿಷನ್ನು ಎರಡೂ ಕಡೆ ಸಿಗುತ್ತಿದ್ದ ಆಕೆ ಸುಮ್ಮನೆ ಸಹಿ ಹಾಕಿಸಬಹುದಿತ್ತು, ಹಾಕಿಸಲಿಲ್ಲ. ಐದಕ್ಕೆ ಐದು ಕೊಟ್ಟದ್ದು ಮುಖ್ಯವಾಗಿ ಇದಕ್ಕೆ.

ಕೊನೆಗೆ ಖಾಲಿ ಇದ್ದ ಇನ್ನೊಂದು ಫ್ಲ್ಯಾಟು ಒಪ್ಪಿದೆವು. 720 ಚದರಡಿ, 5,60,000 ದಿರ್ಹಮ್. ಇಂಟರ್‌ನ್ಯಾಷನಲ್ ಸಿಟಿ ಥಳಕಿನ ದುಬೈ ಅಲ್ಲ. ನಖೀಲ್ ಸಂಸ್ಥೆ ಕಟ್ಟಿದ, ಚೀನಾ, ಸ್ಪೇನ್, ಪರ್ಷಿಯಾ, ಫ್ರಾನ್ಸ್ ಅಂತ ದೇಶದ ಹೆಸರಿನ ಕ್ಲಸ್ಟರುಗಳು. ಪಕ್ಕದಲ್ಲಿ ಡ್ರ್ಯಾಗನ್ ಮಾರ್ಟ್. ಇರುವವರು ಹೆಚ್ಚಾಗಿ ಸಂಬಳದ ಮೇಲೆ ಬದುಕುವ ಸಣ್ಣ ಸಂಸಾರಗಳು. ಇವತ್ತು ಮೆಟ್ರೋ ಹತ್ತಿರದಲ್ಲಿಲ್ಲ. ಬ್ಲೂ ಲೈನ್ 2029ಕ್ಕೆ ಬರುತ್ತದೆ ಎಂದು ಘೋಷಣೆಯಾಗಿದೆ. ಆ ಆಸೆಗೆ ನಾವು ಒಂದು ದಿರ್ಹಮ್ ಹೆಚ್ಚು ಕೊಡಲಿಲ್ಲ. ದೀರ್ಘಾವಧಿ ವಾಸದ ಗೋಲ್ಡನ್ ವೀಸಾ ಮಾತೂ ಇಲ್ಲಿ ಬರುವುದಿಲ್ಲ, ಅದಕ್ಕೆ 20 ಲಕ್ಷ ದಿರ್ಹಮಿನ ಆಸ್ತಿ ಬೇಕು.

ಬೆಲೆಯ ಮೇಲೆ ಬೀಳುವ ಖರ್ಚನ್ನು ಏಜೆನ್ಸಿ ಕರಾರಿಗೆ ಮೊದಲೇ ಬರೆದುಕೊಟ್ಟಿತು. ಭೂ ಇಲಾಖೆಗೆ ಶೇ. 4, ಅಂದರೆ 22,400. ಕಮಿಷನ್ ಶೇ. 2, ಅದರ ಮೇಲೆ ಶೇ. 5 ವ್ಯಾಟ್, ಒಟ್ಟು 11,760. ಇಲಾಖೆಯ ಪರವಾಗಿ ನೋಂದಣಿ ಮಾಡುವ ಟ್ರಸ್ಟೀ ಕಚೇರಿಗೆ 4,200, ಹಕ್ಕುಪತ್ರಕ್ಕೆ 580. ಬೆಲೆಯೂ ಸೇರಿ ಒಟ್ಟು ಕೈಯಿಂದ ಹೋದದ್ದು 5,98,940. ಒಂದು ದಿರ್ಹಮ್ ಕೂಡ ಅವರ ಚೀಟಿ ದಾಟಲಿಲ್ಲ.

ಹಣ ಕಳಿಸುವುದು ಇದಕ್ಕಿಂತ ದೊಡ್ಡ ಕೆಲಸ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. ನಮಗೆ ಬೇಕಾದದ್ದು ಸುಮಾರು 1,63,000 ಡಾಲರ್. ಇಬ್ಬರ ಹೆಸರಿನಲ್ಲೂ ಅರ್ಧರ್ಧ ಕಳಿಸಿದೆವು, ಹಕ್ಕುಪತ್ರದಲ್ಲೂ ಅರ್ಧರ್ಧ ಪಾಲು ಬರೆಸಿದೆವು. ಇಂಥ ಹೂಡಿಕೆಯ ರವಾನೆಗೆ ಇಲ್ಲಿನ ಬ್ಯಾಂಕು ಸಾಲ ಕೊಡುವಂತಿಲ್ಲ, ಪೂರ್ತಿ ಸ್ವಂತ ಹಣವೇ ಆಗಬೇಕು. ಮೇಲಾಗಿ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ಹಿಡಿದುಕೊಳ್ಳುವ ತೆರಿಗೆ. 2025ರ ಏಪ್ರಿಲ್‌ನಿಂದ ಒಬ್ಬರಿಗೆ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಶೇ. 20 ಹಿಡಿಯುತ್ತಾರೆ. ನಮ್ಮದು ಸುಮಾರು 1 ಕೋಟಿ 40 ಲಕ್ಷದ ವ್ಯವಹಾರ, ಟಿಸಿಎಸ್ ಹತ್ತಿರಹತ್ತಿರ 24 ಲಕ್ಷ. ಅದು ಹೋದ ಹಣವಲ್ಲ. ಮುಂಗಡ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಉಳಿದದ್ದು ರಿಟರ್ನ್ಸ್ ಸಲ್ಲಿಸಿದ ಮೇಲೆ ವಾಪಸು ಬರುತ್ತದೆ. ಆದರೆ ಕಳಿಸುವ ಹೊತ್ತಿಗೆ ಕೈಯಲ್ಲಿರಬೇಕಲ್ಲ! ಈ ವಿಷಯ ಏಜೆನ್ಸಿಯೇ ಹೇಳಿ, ನಿಮ್ಮ ಲೆಕ್ಕಪರಿಶೋಧಕರನ್ನು ಕೇಳದೆ ಮುಂಗಡ ಕೊಡಬೇಡಿ ಎಂದಿತು. ಪ್ರದರ್ಶನದ ಹೋಟೆಲಿನಲ್ಲಿ ಈ ಅಕ್ಷರಗಳನ್ನು ಯಾರೂ ಉಚ್ಚರಿಸಿರಲಿಲ್ಲ.

ಇನ್ನೊಂದು ಉಪಕಾರವೆಂದರೆ, ಮೊದಲು ಅಲ್ಲಿ ಅನಿವಾಸಿ ಉಳಿತಾಯ ಖಾತೆ ತೆರೆಸಿದ್ದು. ದುಬೈನಲ್ಲಿ ಬಾಡಿಗೆ ಈಗಲೂ ಮುಂದಿನ ತಾರೀಖಿನ ಚೆಕ್ಕುಗಳಲ್ಲಿ ಬರುತ್ತದೆ: ವರ್ಷದ ಬಾಡಿಗೆಗೆ ಒಂದು, ಎರಡು, ನಾಲ್ಕು, ಹೀಗೆ. ಚೆಕ್ಕು ಮಾಲೀಕರ ಹೆಸರಿಗಿರಬೇಕು. ಅಲ್ಲಿ ಖಾತೆ ಇಲ್ಲದಿದ್ದರೆ ಅದನ್ನು ನಗದು ಮಾಡಿಕೊಳ್ಳಲು ಏಜೆಂಟನ ಕೈ ನೋಡಬೇಕು. ಖಾತೆ ತೆರೆಯಲು ತಡವಾಯಿತು, ಕಾಗದಪತ್ರ ಬಹಳ ಕೇಳಿದರು, ಇರಲಿ. ಇವತ್ತು ನಮ್ಮ ಬಾಡಿಗೆ ನೇರ ನಮ್ಮ ಖಾತೆಗೇ ಬೀಳುತ್ತದೆ.

ನೋಂದಣಿಯ ದಿನದ ಬಗ್ಗೆ ಬರೆಯಲೇಬೇಕು. ನಮ್ಮ ಸಬ್‌ ರಿಜಿಸ್ಟ್ರಾರ್ ಕಚೇರಿಯ ನೆನಪಿನಲ್ಲಿ ಹೋದವರು ನಾವು. ಟೋಕನ್ ತೆಗೆದು ಕೂತೆವು, ಹೆಸರು ಕೂಗಿದರು. ಮೇಜಿನ ಆಚೆ ಅಧಿಕಾರಿ, ಈಚೆ ನಾವು, ಮಾರುವ ಈಜಿಪ್ಟಿನ ಹಿರಿಯರು, ಇಬ್ಬರು ಬ್ರೋಕರುಗಳು. ಪಾಸ್‌ಪೋರ್ಟುಗಳು, ಮುಂಚೆ ಸಹಿಯಾಗಿದ್ದ ‘ಫಾರ್ಮ್ ಎಫ್’ ಎಂಬ ಮಾರಾಟದ ಕರಾರು, ಕಟ್ಟಿದ ಸಂಸ್ಥೆಯ ನಿರಾಕ್ಷೇಪಣಾ ಪತ್ರ, ಬ್ಯಾಂಕೇ ಹಣದ ಖಾತರಿ ಕೊಡುವ ಮ್ಯಾನೇಜರ್ ಚೆಕ್ಕು. ಅಧಿಕಾರಿ ಚೆಕ್ಕನ್ನು ಬೆಳಕಿಗೆ ಹಿಡಿದು ನೋಡಿ, ಹೆಸರಿನ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಪಾಸ್‌ಪೋರ್ಟಿಗೆ ಹೋಲಿಸಿದರು. ನಮ್ಮನೆಯವರ ತಂದೆಯ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು ಬಿದ್ದಿತ್ತು, ಅಲ್ಲೇ ತಿದ್ದಿದರು. ಎಲ್ಲ ಒಪ್ಪಿಗೆಯಾದ ಮೇಲೆ ಚೆಕ್ಕು ಮಾರುವವರ ಕೈಗೆ. ನಾವಿನ್ನೂ ಕುರ್ಚಿಯಿಂದ ಏಳುವ ಮೊದಲೇ ಹಕ್ಕುಪತ್ರ ಇಮೇಲಿಗೆ ಬಂತು. ಯಾರಿಗೂ ಕೈ ಬಿಸಿ ಮಾಡುವ ಪ್ರಸಂಗ ಬರಲಿಲ್ಲ. ಇಂಥ ವ್ಯವಸ್ಥೆ ನಮ್ಮಲ್ಲೂ ಬರಲಿ ಎಂದು ಮನಸಾರೆ ಅನ್ನಿಸಿತು.

ಇನ್ನು ನಿರ್ವಹಣೆ. ಬಾಡಿಗೆಗೆ ಬಂದದ್ದು ಮಗುವಿರುವ ಮಲಯಾಳಿ ದಂಪತಿ. ವರ್ಷಕ್ಕೆ 52,000, ನಾಲ್ಕು ಚೆಕ್ಕು. ಠೇವಣಿ ಶೇ. 5. ಕರಾರನ್ನು ದುಬೈನ ಬಾಡಿಗೆ ನೋಂದಣಿ ವ್ಯವಸ್ಥೆಯಾದ ‘ಇಜಾರಿ’ಯಲ್ಲಿ ನೋಂದಾಯಿಸಿದರು, ಅದಿಲ್ಲದೆ ಬಾಡಿಗೆದಾರರಿಗೆ ಕರೆಂಟು, ನೀರಿನ ಸಂಪರ್ಕವೂ ಸಿಗುವುದಿಲ್ಲ. ಇಲ್ಲಿಯವರೆಗೆ ಚೆನ್ನ. ಆಮೇಲೆ ಬಂಟ್ವಾಳದ ಹುಡುಗಿಯ ಜಾಗಕ್ಕೆ ನಿರ್ವಹಣಾ ವಿಭಾಗದ ಬೇರೆಯವರು ಬಂದರು, ಫೋನ್ ಎತ್ತುವುದು ನಿಧಾನವಾಯಿತು. ಮನೆ ಕೊಡುವಾಗ ತೆಗೆದ ಫೋಟೋಗಳಲ್ಲಿ ಸಿಂಕಿನ ಕೆಳಭಾಗ, ಬಾತ್‌ರೂಮಿನ ಫಾಲ್ಸ್ ಸೀಲಿಂಗ್ ಎರಡೂ ಇರಲಿಲ್ಲ. ಮುಂದೆ ಅದೇ ಸೀಲಿಂಗಿನೊಳಗಿದ್ದ ಗೀಸರ್ ತೂತುಬಿದ್ದು ಕೆಳಗಿನ ಮನೆಗೆ ನೀರು ಇಳಿಯಿತು. ರಿಪೇರಿಯಾದ ಮೇಲೆ ನಮಗೆ 1,450 ದಿರ್ಹಮಿನ ಬಿಲ್ಲು ಬಂತು. 500 ದಾಟಿದರೆ ನಮ್ಮನ್ನು ಕೇಳಬೇಕೆಂದು ಕರಾರಿನಲ್ಲೇ ಇದೆ. ಕೆಳಗಿನವರ ಮನೆಗೆ ನೀರು ಹೋಗುವಾಗ ಕೈಕಟ್ಟಿ ಕೂರಿ ಎಂದು ನಾನು ಹೇಳುವುದಿಲ್ಲ. ಆದರೆ ನೀರು ನಿಲ್ಲಿಸಿ, ಹೊಸ ಗೀಸರ್ ಹಾಕುವ ಮೊದಲು ಒಂದು ವಾಟ್ಸ್‌ಆ್ಯಪ್ ಸಂದೇಶ ಕಳಿಸಲು ಎಷ್ಟು ಹೊತ್ತು ಬೇಕು? ಇದರ ನಡುವೆ ಹೊಸ ಕಟ್ಟಡಗಳ ಜಾಹೀರಾತು ಮಾತ್ರ ವಾರವಾರವೂ ತಪ್ಪದೆ ಬರುತ್ತದೆ. ಎರಡು ಅಂಕ ಕಳೆದದ್ದು ಇದಕ್ಕೇ.

ಈಗ ಆ ಶೇ. 9ರ ವಿಷಯ. 5,60,000ಕ್ಕೆ 52,000 ಎಂದರೆ ಕಾಗದದ ಮೇಲೆ ಶೇ. 9.3. ಇದರಲ್ಲಿ ಕಟ್ಟಡದ ಸರ್ವಿಸ್ ಚಾರ್ಜ್ ಚದರಡಿಗೆ 11ರಂತೆ 7,920, ಏಜೆನ್ಸಿಗೆ ನಿರ್ವಹಣೆಗೆಂದು ಬಾಡಿಗೆಯ ಶೇ. 5 ಮತ್ತು ಅದರ ವ್ಯಾಟ್ ಸೇರಿ 2,730, ಗೀಸರ್ 1,450 ಕಳೆದರೆ ಉಳಿದದ್ದು 39,900. ದುಬೈನಲ್ಲಿ ಈ ಬಾಡಿಗೆಗೆ ಆದಾಯ ತೆರಿಗೆ ಇಲ್ಲ. ಆದರೆ ಭಾರತದಲ್ಲಿ ವಾಸವಿರುವ ನಮಗೆ ಇಲ್ಲಿ ಇದೆ. ಅಲ್ಲಿ ಕಟ್ಟದೇ ಇರುವುದರಿಂದ ಇಲ್ಲಿ ಹೊಂದಿಸಿಕೊಳ್ಳಲು ಏನೂ ಇರುವುದಿಲ್ಲ. ನಮ್ಮ ಲೆಕ್ಕಪರಿಶೋಧಕರು ಬಾಡಿಗೆಯಲ್ಲಿ ಶೇ. 30 ಮಾನಕ ಕಡಿತ ಬಿಟ್ಟು ಉಳಿದದ್ದಕ್ಕೆ ನಮ್ಮ ಶೇ. 30ರ ಸ್ಲ್ಯಾಬು, ಸೆಸ್ ಹಾಕಿದಾಗ ಸುಮಾರು 11,350 ಆಯಿತು. ಕೈಗೆ ಸಿಕ್ಕಿದ್ದು 28,550. ಹಾಕಿದ ಹಣದ ಮೇಲೆ ಶೇ. 4.8. ದಾವಣಗೆರೆಯಲ್ಲಿ 80 ಲಕ್ಷ ಬಾಳುವ ನಮ್ಮ ಇನ್ನೊಂದು ಮನೆಗೆ ತಿಂಗಳಿಗೆ 16 ಸಾವಿರ ಬರುತ್ತದೆ. ತೆರಿಗೆಗೆ ಮೊದಲೇ ಅದು ಶೇ. 2.4. ಆ ಲೆಕ್ಕದಲ್ಲಿ ನನಗೆ ತೃಪ್ತಿ ಇದೆ. ದಿರ್ಹಮ್ ಡಾಲರಿಗೆ 3.6725ರಂತೆ ಕಟ್ಟಿಹಾಕಿದ ಹಣ, ಹಾಗಾಗಿ ರೂಪಾಯಿ ಇಳಿದರೆ ಅಷ್ಟು ನಮಗೆ ಲಾಭ, ಏರಿದರೆ ನಷ್ಟ. ಅದನ್ನು ನಾನು ಆದಾಯದಲ್ಲಿ ಸೇರಿಸಿಲ್ಲ.

ಫ್ಲ್ಯಾಟು ಮತ್ತು ಅಲ್ಲಿನ ಬ್ಯಾಂಕ್ ಖಾತೆ, ಎರಡನ್ನೂ ರಿಟರ್ನ್ಸ್‌ನ ವಿದೇಶಿ ಆಸ್ತಿಯ ಪಟ್ಟಿಯಾದ ಶೆಡ್ಯೂಲ್ ಎಫ್‌ಎಯಲ್ಲಿ ಇಬ್ಬರೂ ತೋರಿಸಲೇಬೇಕು. ಬಾಡಿಗೆ ಬರದಿದ್ದ ತಿಂಗಳುಗಳಿಗೂ ಇದು ತಪ್ಪುವುದಿಲ್ಲ, ಅಲ್ಲಿ ಲೆಕ್ಕ ಕ್ಯಾಲೆಂಡರ್ ವರ್ಷದ್ದು. ವಿದೇಶದ ಮನೆ ಮುಚ್ಚಿಟ್ಟರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. ಇದನ್ನು ಏಜೆನ್ಸಿ ಹೇಳಲಿಲ್ಲ, ಅದು ಅವರ ಕೆಲಸವೂ ಅಲ್ಲ. ವಿದೇಶಿ ಆಸ್ತಿಯ ರಿಟರ್ನ್ಸ್ ಮಾಡಿ ಅಭ್ಯಾಸವಿರುವ ಲೆಕ್ಕಪರಿಶೋಧಕರನ್ನು ಕೊಳ್ಳುವ ಮೊದಲೇ ಹಿಡಿಯಿರಿ.

ಬಾಡಿಗೆದಾರರು ಇನ್ನೊಂದು ವರ್ಷ ಇರುತ್ತೇವೆ ಎಂದಿದ್ದಾರೆ, ನಮಗೂ ಅದೇ ಬೇಕು. ಭೂ ಇಲಾಖೆಯ ಬಾಡಿಗೆ ಸೂಚ್ಯಂಕದ ಪ್ರಕಾರ ಏರಿಕೆಗೆ ಅವಕಾಶವಿಲ್ಲ, ಹಳೆಯ ಬಾಡಿಗೆಯೇ. ನಿರ್ವಹಣೆಯನ್ನು ಇದೇ ಏಜೆನ್ಸಿಗೆ ಮುಂದುವರಿಸುತ್ತಿದ್ದೇವೆ, ಎರಡು ಷರತ್ತು ಸೇರಿಸಿ: ರಿಪೇರಿ 500 ದಿರ್ಹಮ್ ದಾಟಿದರೆ ಬರಹದಲ್ಲಿ ನಮ್ಮ ಒಪ್ಪಿಗೆ ಇಲ್ಲದೆ ಬಿಲ್ಲಿನ ಹಣ ನಾವು ಕೊಡುವುದಿಲ್ಲ, ಆರು ತಿಂಗಳಿಗೊಮ್ಮೆ ಇಡೀ ಮನೆಯ ವಿಡಿಯೋ ಕಳಿಸಬೇಕು. ಎರಡಕ್ಕೂ ಸಹಿ ಹಾಕಿ ಕಳಿಸಿದ್ದಾರೆ.