ಊರಿನ ಹೆಮ್ಮೆ ಅಂತ ಮುಧೋಳ ನಾಯಿ ತಂದೆವು, ನಮ್ಮ ಮನೆ ಎಂಥದ್ದು ಅಂತ ನೋಡಲಿಲ್ಲ

ಮುಧೋಳ ನಾಯಿಮರಿ ತರಬೇಕು ಅಂತ ಇದ್ದೀರಾ? ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ.

ನಮ್ಮದು ಬಾಗಲಕೋಟೆ ನವನಗರದಲ್ಲಿ ಸಣ್ಣ ಸೈಟಿನ ಮನೆ. ನಾನು, ಹೆಂಡತಿ ಬೆಳಿಗ್ಗೆ 9ಕ್ಕೆ ಹೊರಟರೆ ಬರುವುದು ಸಂಜೆ 6ಕ್ಕೆ. ಮಗ ಐದನೇ ಕ್ಲಾಸು. ಹಗಲೆಲ್ಲ ಮನೆಯಲ್ಲಿರುವುದು ಮೊಣಕಾಲು ನೋವಿನ ಅವ್ವ ಒಬ್ಬಳೇ. ಈ ಲೆಕ್ಕ ಆಗಲೇ ಹಾಕಬೇಕಿತ್ತು. ನಾವು ಹಾಕಿದ್ದು ಬೇರೆ ಲೆಕ್ಕ. ನಮ್ಮ ಜಿಲ್ಲೆಯದೇ ತಳಿ, 2005ರಲ್ಲಿ ಅಂಚೆ ಚೀಟಿ ಮೇಲೆ ಬಂದಿದೆ, ಸೇನೆಯವರೂ ಒಯ್ದಿದ್ದಾರೆ. ಹಾಗಿದ್ದಮೇಲೆ ಲ್ಯಾಬ್ರಡಾರ್ ಯಾಕೆ, ಅಲ್ವಾ?

ಮುಧೋಳದ ಹತ್ತಿರದ ಹಳ್ಳಿಯೊಂದರಿಂದ ಎರಡು ತಿಂಗಳ ಮರಿ ತಂದೆವು. ಮಾರಿದವರು ಹೇಳಿದ್ದು ಇಷ್ಟೇ: "ಭಾಳ ಸಾದಾ ನಾಯಿ ರೀ, ರೊಟ್ಟಿ ಹಾಲು ಹಾಕ್ರಿ ಸಾಕು." ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಹೋಗಿ ಒಂದು ಮಾತು ಕೇಳುವ ಬುದ್ಧಿ ನಮಗೆ ಬರಲಿಲ್ಲ.

ರಾಣಿ ಅಂತ ಹೆಸರಿಟ್ಟೆವು. ಮೂರು ತಿಂಗಳು ಚೆನ್ನಾಗಿತ್ತು. ಆಮೇಲೆ ಕಾಲು ಬೆಳೆದವು. ಬರೀ ಕಾಲೇ! ಎಂಟನೇ ತಿಂಗಳಿಗೆ ಟೇಬಲ್ ಮೇಲಿನ ಚಟ್ನಿಪುಡಿ ಡಬ್ಬಿಯನ್ನು ನಿಂತಲ್ಲೇ ಮೂಸುತ್ತಿತ್ತು.

ಜನ ಮೋಸಹೋಗುವುದು ಎಲ್ಲಿ ಗೊತ್ತಾ? ಈ ನಾಯಿ ಮನೆಯೊಳಗೆ ಗದ್ದಲ ಮಾಡುವುದಿಲ್ಲ, ಗಂಟೆಗಟ್ಟಲೆ ಮಲಗಿರುತ್ತದೆ. ಆದರೆ ಅದು ಮನಸಾರೆ ಓಡಿ ಬಂದ ಮೇಲಿನ ಮಾತು. ಮೊಲದ ಬೆನ್ನು ಹತ್ತಲು ಬೆಳೆಸಿದ ತಳಿ ಇದು. ನಾವು ಸಂಜೆ ಹಗ್ಗ ಹಿಡಿದು ಇಪ್ಪತ್ತು ನಿಮಿಷ ಸುತ್ತಾಡಿಸುತ್ತಿದ್ದೆವು. ಉಳಿದ ಓಟವನ್ನೆಲ್ಲ ಅದು ಮನೆಯ ಮೇಲೆ ತೀರಿಸಿತು. ಚಪ್ಪಲಿ, ದಿಂಬು, ಕೂಲರಿನ ಹುಲ್ಲು ಏನನ್ನೂ ಬಿಡಲಿಲ್ಲ. ಬೇಸಿಗೆಯಲ್ಲಿ ಇನ್ನೂ ಕಷ್ಟ. ಬಿಸಿಲೇರಿದರೆ ಡಾಂಬರು ಕಾದು ಅದರ ಪಾದ ಸುಡುತ್ತದೆ. ಹೊತ್ತು ಹುಟ್ಟುವ ಮುಂಚೆ ಓಡಿಸಬೇಕು. ಏಳುವವರು ಯಾರು? ಮೊದಲ ವಾರ ನಾನೆದ್ದೆ, ಸುಳ್ಳು ಯಾಕೆ ಹೇಳಲಿ, ಆಮೇಲೆ ಬಿಟ್ಟೆ.

ಒಂದು ಮಧ್ಯಾಹ್ನ ಬೀದಿಯಲ್ಲಿ ಆಡಿನ ಹಿಂಡು ಹೊರಟಿತ್ತು. ನಮ್ಮ ಕಾಂಪೌಂಡು ನಾಲ್ಕು ಅಡಿ. ರಾಣಿಗೆ ಅದು ಹೊಸ್ತಿಲಿದ್ದ ಹಾಗೆ. ಅವ್ವ ಕೂಗಿದಳು. ಎದುರಿಗೆ ಏನಾದರೂ ಓಡಿದರೆ ಈ ನಾಯಿಗೆ ತನ್ನ ಹೆಸರೂ ಕೇಳಿಸುವುದಿಲ್ಲ. ಆಡಿನ ಮರಿಯೊಂದು ಅಲ್ಲೇ ಸತ್ತಿತು. ಕೇಳಿದಷ್ಟು ದುಡ್ಡು ಕೊಟ್ಟೆವು. ಆದರೆ ಆಡು ಕಾಯುವ ಅಜ್ಜಿ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಗೇಟಿನ ಮುಂದೆ ನಿಂತಿದ್ದಳು. ನಾನು ಬರುವವರೆಗೂ ಹಾಗೇ ನಿಂತಿದ್ದಳಂತೆ.

ಆಮೇಲೆ ಸರಪಳಿ ಹಾಕಿದೆವು. ಅದು ಎರಡನೇ ತಪ್ಪು. ರಾತ್ರಿಯೆಲ್ಲ ಊಳಿಡತೊಡಗಿತು, ಮಗನ ಮೇಲೂ ಗುರ್ ಅನ್ನತೊಡಗಿತು. ಪಶುವೈದ್ಯರಿಗೆ ತೋರಿಸಿದೆ. "ರೋಗ ಏನಿಲ್ರಿ ಇದಕ್ಕ. ಓಡಾಕ ಜಾಗಾ ಇಲ್ಲ, ಅದ ರೋಗ" ಅಂದರು.

ಈಗ ರಾಣಿ ಬೀಳಗಿ ಕಡೆ ನಮ್ಮ ಮಾವನ ಹೊಲದಲ್ಲಿದೆ. ಸುತ್ತ ತಂತಿ ಬೇಲಿ, ಒಳಗೆ ಬೇಕಾದಷ್ಟು ಜಾಗ. ಹೋದಾಗ ಬಂದು ಕೈ ಮೂಸಿ, ಮತ್ತೆ ಓಡುತ್ತದೆ. ಮಗ ಅಳುತ್ತಾನೆ.

ನಾಯಿ ಕೆಟ್ಟದ್ದಲ್ಲ ರೀ. ಹೊಲ ಇದ್ದವರಿಗೆ, ದಿನಾ ಎರಡು ಹೊತ್ತು ಓಡಿಸುವ ಹುಡುಗರಿದ್ದ ಮನೆಗೆ ಇದಕ್ಕಿಂತ ಒಳ್ಳೆ ನಾಯಿ ಸಿಗಲಿಕ್ಕಿಲ್ಲ. ನಮ್ಮಂಥ ಮನೆಯವರು ಮಾತ್ರ ಮರಿಯ ಮುಖ ನೋಡುವ ಮೊದಲು ಗಡಿಯಾರ ನೋಡಿ. ಮರಿ ಇದ್ದಾಗ ಎಲ್ಲವೂ ಮುದ್ದೇ. ತಾಯಿ ನಾಯಿಯನ್ನು ತೋರಿಸಲು ಹೇಳಿ, ಅದು ಎಷ್ಟು ಓಡುತ್ತದೆ ಅಂತ ಕಣ್ಣಾರೆ ನೋಡಿ. ಇಲ್ಲಾ, ಬೆಳೆದ ನಾಯಿಯನ್ನೇ ಸಾಕಿ. ಅದರ ಗುಣ ಆಗಲೇ ಗೊತ್ತಿರುತ್ತದೆ.

ನಮ್ಮ ಓಣಿಯಲ್ಲೇ ಅಂಥದ್ದೊಂದಿದೆ. ನಾಲ್ಕೈದು ವರ್ಷದ ಕಂದು ಬೀದಿ ನಾಯಿ. ಅವ್ವ ಹಾಕಿದ ರೊಟ್ಟಿ ತಿಂದು ಗೇಟಿನ ನೆರಳಲ್ಲಿ ಮಲಗುತ್ತದೆ. ಆಡಿನ ಹಿಂಡು ಬಂದರೆ ಒಂದು ಕಣ್ಣು ತೆರೆದು ಮತ್ತೆ ಮುಚ್ಚುತ್ತದೆ. ಹೋದ ವಾರ ಅದಕ್ಕೆ ಇಂಜೆಕ್ಷನ್ ಹಾಕಿಸಿ ತಂದೆ.