ಅಲಾಯ್ ಗಾಲಿಯ ಕರಿ ತೆಗೆಯಲು ಹುಣಸೆಹಣ್ಣೋ, ಸೋಡಾನೋ, ಸೋಪೋ?

ಕಲಬುರಗಿಯಲ್ಲಿ ಕಾರಿಗೆ ಧೂಳು ಹತ್ತೋದು ಹೊಸ ಮಾತಲ್ಲ. ಆದರೆ ಬಾಡಿ ಮೇಲಿನ ಧೂಳು ಬೇರೆ, ಅಲಾಯ್ ಗಾಲಿ (ಅಲ್ಯೂಮಿನಿಯಂ ಮಿಶ್ರಲೋಹದ ಗಾಲಿ) ಮೇಲಿನ ಕರಿ ಬೇರೆ. ಮೊದಲನೆಯದು ಒಂದು ಬಕೆಟ್ ನೀರಿಗೆ ಹೋಗುತ್ತದೆ. ಎರಡನೆಯದು ಬೆರಳಿಂದ ತಿಕ್ಕಿದರೂ ಬಿಡುವುದಿಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಗಾಲಿಯ ಜೊತೆ ತಿರುಗುವ ಡಿಸ್ಕ್ ಎಂಬ ತಟ್ಟೆಯನ್ನು ಪ್ಯಾಡ್‌ಗಳು ಬಿಗಿಯಾಗಿ ಹಿಡಿಯುತ್ತವೆ, ಆಗ ಪ್ಯಾಡ್ ಜೊತೆ ಡಿಸ್ಕ್ ಕೂಡ ಸವೆಯುತ್ತದೆ. ಡಿಸ್ಕ್ ಬೀಡು ಕಬ್ಬಿಣದ್ದು. ಆ ಪುಡಿ ಬಿಸಿಯಾಗಿಯೇ ಹೋಗಿ ಗಾಲಿಗೆ ಅಂಟುತ್ತದೆ. ಮೇಲೆ ನೀರು ಬಿದ್ದರೆ ಅಲ್ಲೇ ತುಕ್ಕು ಹಿಡಿದು ಕೂತುಬಿಡುತ್ತದೆ.

ನನ್ನ ಕಾರಿನ ಹಿಂದಿನ ಗಾಲಿಗಳಿಗೆ ಡಿಸ್ಕ್ ಇಲ್ಲ, ಮುಚ್ಚಿದ ಡಬ್ಬಿಯಂಥ ಡ್ರಮ್ ಬ್ರೇಕ್. ಪುಡಿ ಹೆಚ್ಚುಕಡಿಮೆ ಡ್ರಮ್ಮಿನ ಒಳಗೇ ಉಳಿಯುತ್ತದೆ. ಹಾಗಾಗಿ ಹಿಂದಿನ ಗಾಲಿ ನೋಡಿ ಯಾವುದು ಚೆನ್ನಾಗಿ ತೊಳೆಯಿತು ಅಂತ ಹೇಳೋದು ಸರಿಯಲ್ಲ. ಮುಂದಿನ ಒಂದೇ ಗಾಲಿ ಆರಿಸಿಕೊಂಡೆ. ಎರಡು ತಿಂಗಳು ಬೇಕಂತಲೇ ತೊಳೆಯಲಿಲ್ಲ. ನಡುವೆ ಹುಮನಾಬಾದ್ ಮೇಲಿಂದ ಬೀದರ್‌ಗೆ ಎರಡು ಸಲ ಹೋಗಿ ಬಂದೆ. ಗಾಲಿಗೆ ಐದು ಕಡ್ಡಿ, ಐದು ಸಂದಿ. ಒಂದೊಂದು ಸಂದಿಗೆ ಒಂದೊಂದು ಪದಾರ್ಥ. ಗಾಲಿ ಒಂದೇ, ಕೊಳೆ ಒಂದೇ, ಹೋಲಿಸೋದು ಸುಲಭ ಅಲ್ವಾ.

ಬೆಳಗ್ಗೆ ಆರಕ್ಕೇ ಶುರು ಮಾಡಿದೆ. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುತ್ತದೆ. ಬಿಸಿ ಗಾಲಿಗೆ ಏನು ಹಚ್ಚಿದರೂ ಅಲ್ಲೇ ಒಣಗಿ ಕಲೆಯಾಗುತ್ತದೆ.

ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್. ಅರ್ಧ ಮಗ್ ಬಿಸಿನೀರಿಗೆ ಒಂದು ಚಮಚ. ಐದು ನಿಮಿಷ ಬಿಟ್ಟು ಹಳೆ ಟೂತ್‌ಬ್ರಷ್‌ನಿಂದ ತಿಕ್ಕಿದೆ. ಕರಿ ನೀರು ಇಳಿಯಿತು, ಮುಖಭಾಗ ಪೂರ್ತಿ ಬೆಳ್ಳಗಾಯಿತು. ಮೂಲೆಯಲ್ಲಿ ಮಾತ್ರ ಕಂದು ಚುಕ್ಕೆಗಳು ಹಾಗೇ ಉಳಿದವು. ಬಟ್ಟೆ ಸೋಪಿನ ಪುಡಿ ಇದಕ್ಕಿಂತ ಹೆಚ್ಚೇನೂ ಮಾಡಲಿಲ್ಲ. ಅದರಲ್ಲಿ ಕ್ಷಾರ ಜಾಸ್ತಿ, ಅಲ್ಯೂಮಿನಿಯಂಗೆ ಅದು ಹಿಡಿಸುವುದೂ ಇಲ್ಲ. ಮತ್ತೆ ಬಳಸಲಾರೆ. ಟೂತ್‌ಪೇಸ್ಟ್ ಹೊಳಪು ಕೊಟ್ಟಿತು. ಆದರೆ ಬೆಳಕಿಗೆ ಹಿಡಿದು ನೋಡಿದರೆ ಸಣ್ಣ ಸಣ್ಣ ಗೀರು. ಕರಿ ಬಣ್ಣದ ಅಲಾಯ್ ಇದ್ದವರು ಅದನ್ನು ಮುಟ್ಟಲೇಬೇಡಿ.

ಅಡುಗೆ ಸೋಡಾ ನನಗೆ ಇಷ್ಟವಾಯಿತು. ಎರಡು ಚಮಚ ಸೋಡಾಕ್ಕೆ ಸ್ವಲ್ಪ ನೀರು ಹಾಕಿ, ದೋಸೆ ಹಿಟ್ಟಿನಷ್ಟು ಗಟ್ಟಿ ಕಲಸಿ, ಒದ್ದೆ ಬಟ್ಟೆಯಿಂದ ಮೆಲ್ಲಗೆ ತಿಕ್ಕಿದೆ. ಸೋಪಿಗೆ ಬಿಡದ ಮೂಲೆಯ ಕರಿ ಸುಮಾರು ಬಿಟ್ಟಿತು. ಕೈ ಮಾತ್ರ ನೋಯುತ್ತದೆ. ಸೋಡಾ ತೊಳೆಯುವಾಗ ಸಂದಿಯಲ್ಲಿ ಬಿಳಿ ಉಳಿಯದಂತೆ ನೀರು ಧಾರಾಳ ಬೇಕು.

ಹುಣಸೆಹಣ್ಣು ನಮ್ಮವ್ವನ ಸಲಹೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಹುಣಸಿಹಣ್ಣ ಹಚ್ಚಿ ನೋಡಪಾ, ಹಿತ್ತಾಳಿ ತಂಬಗಿ ಹೊಳಿತದಂದ್ರ ಇದ್ಯಾಕ ಹೊಳ್ಯಾಂಗಿಲ್ಲ?" ಅಂದಳು. ಅವಳ ಮಾತು ನಿಜವಾಯಿತು. ಸೋಪು, ಸೋಡಾ ಎರಡಕ್ಕೂ ಜಗ್ಗದ ತುಕ್ಕಿನ ಚುಕ್ಕೆಗಳು ಎರಡೇ ನಿಮಿಷಕ್ಕೆ ಸಡಿಲಾದವು. ಹುಣಸೆಯ ಹುಳಿ ತುಕ್ಕನ್ನು ಕರಗಿಸುತ್ತದೆ. ಆದರೆ ರಸ ತೊಟ್ಟಿಕ್ಕಿದ ಕಡೆ ನೆಲ ನೋಡಿದೆ. ನಮ್ಮ ಅಂಗಳಕ್ಕೆ ಹಾಸಿರೋದು ಶಹಾಬಾದ್ ಕಲ್ಲು. ಅದು ಸುಣ್ಣದ ಕಲ್ಲು, ಹುಳಿ ತಾಗಿದರೆ ತಡೆಯೋದಿಲ್ಲ. ಕಲ್ಲಿನ ಹೊಳಪು ಹೋಗಿ ಮಂಕಾಗಿತ್ತು. ಗಾಲಿಯ ಮೇಲೆ ಲ್ಯಾಕರ್ ಪದರ (ಲೋಹ ಕಾಯುವ ಪಾರದರ್ಶಕ ಲೇಪ) ಇರುವವರೆಗೆ ಭಯವಿಲ್ಲ. ಕಲ್ಲು ಸಿಡಿದು ಆ ಪದರ ಕಿತ್ತಿರುವ ಕಡೆ ಹುಳಿ ನೇರ ಲೋಹಕ್ಕೇ ತಾಗುತ್ತದೆ. ಅದಕ್ಕೇ ಚುಕ್ಕೆ ಇದ್ದಲ್ಲಿ ಮಾತ್ರ ಹಚ್ಚಿ, ಎರಡು ನಿಮಿಷದಲ್ಲಿ ತೊಳೆದುಬಿಡಿ. ವಿನೆಗರ್, ನಿಂಬೆಹಣ್ಣಿಗೂ ಇದೇ ಮಾತು.

ಬಾತ್‌ರೂಮ್ ತೊಳೆಯುವ ಆಸಿಡ್ ನಾನು ಪರೀಕ್ಷೆಗೂ ಇಳಿಸಲಿಲ್ಲ. ಹಿಂದಿನ ಕಾರನ್ನು ವಾಷಿಂಗಿಗೆ ಬಿಟ್ಟಾಗ ಅಲ್ಲಿನ ಹುಡುಗ ಗಾಲಿ ಬೇಗ ಬೆಳ್ಳಗಾಗಲಿ ಅಂತ ಅದನ್ನೇ ಸುರಿದಿದ್ದ. ಅವತ್ತು ಗಾಲಿ ಫಳಫಳ ಹೊಳೆಯಿತು. ವಾರದಲ್ಲಿ ಹಾಲು ಚೆಲ್ಲಿದ ಹಾಗೆ ಬಿಳಿ ಮಚ್ಚೆ ಎದ್ದವು. ಕಾರು ಮಾರುವ ತನಕ ಅವು ಹೋಗಲೇ ಇಲ್ಲ. ಎಷ್ಟು ಬೇಜಾರಾಗಿತ್ತು ಅಂದರೆ, ಇವತ್ತಿಗೂ ಗಾಲಿಯನ್ನು ಬೇರೆಯವರ ಕೈಗೆ ಕೊಡುವುದಿಲ್ಲ.

ಇನ್ನು ಕೆಲವು ಕರಿ ಚುಕ್ಕೆ ಇವು ಯಾವುದಕ್ಕೂ ಹೋಗೋದಿಲ್ಲ. ಅದು ಬ್ರೇಕ್ ಪುಡಿಯೇ ಅಲ್ಲ, ರಸ್ತೆಯ ಡಾಂಬರು. ಬಟ್ಟೆಗೆ ನಾಲ್ಕು ಹನಿ ಕುಸುಬಿ ಎಣ್ಣೆ ಹಾಕಿ ಒತ್ತಿ ಹಿಡಿದೆ, ಕರಗಿ ಬಂತು. ಆಮೇಲೆ ಸೋಪು ಹಚ್ಚಿ ಜಿಡ್ಡು ತೆಗೆದೆ. ಡಿಸ್ಕ್‌ಗೆ ಎಣ್ಣೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ, ಅಷ್ಟು ಎಚ್ಚರ ಇರಲಿ.

ಈಗ ವಾರಕ್ಕೊಮ್ಮೆ ಬರೀ ಪಾತ್ರೆ ಲಿಕ್ವಿಡ್. ಹಾಗೆ ಮಾಡಿದಾಗಿನಿಂದ ಸೋಡಾ ಡಬ್ಬಿ ಮುಟ್ಟುವ ಕೆಲಸವೇ ಬಿದ್ದಿಲ್ಲ. ವರ್ಷಗಟ್ಟಲೆ ಕೂತ ಕರಿಯಾದರೆ ಅಡುಗೆಮನೆಯಲ್ಲಿ ಹುಡುಕಬೇಡಿ, ಅಂಗಡಿಯ ಐರನ್ ರಿಮೂವರ್ ತನ್ನಿ. ಅದು ಕಬ್ಬಿಣ ಸಿಕ್ಕಲ್ಲಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಕೂತ ಕರಿ ಸಡಿಲಾಗಿ ಬರುತ್ತದೆ.

ಬೋರ್ ನೀರಲ್ಲಿ ತೊಳೆದರೆ ಒಣಗುವ ಮೊದಲೇ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಬಿಳಿ ಕಲೆ ನಿಲ್ಲುತ್ತದೆ. ಆಮೇಲೆ ಕಾರನ್ನು ಓಣಿಯ ತುದಿತನಕ ನಿಧಾನ ಓಡಿಸಿ ಎರಡು ಮೂರು ಸಲ ಬ್ರೇಕ್ ಒತ್ತಿ. ಒದ್ದೆ ಡಿಸ್ಕ್ ಒಣಗುತ್ತದೆ.