ಮೊದಲ ಲೈವ್ ಪೋಕರ್ ಟೂರ್ನಮೆಂಟ್: ರೀ-ಎಂಟ್ರಿ ಟರ್ಬೊ ಒಳ್ಳೆಯದಾ, ನಿಧಾನದ ಫ್ರೀಜ್‌ಔಟಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫ್ರೀಜ್‌ಔಟ್‌ಗೆ. ಗೋವಾದಲ್ಲಿ ಎರಡನ್ನೂ ಆಡಿ ನೋಡಿದ್ದೇನೆ. ಒಂದು 10,000 ರೂಪಾಯಿಯ ರೀ-ಎಂಟ್ರಿ ಟರ್ಬೊ: ಔಟ್ ಆದರೆ ಮತ್ತೆ ದುಡ್ಡು ಕಟ್ಟಿ ಬರಬಹುದು, ಲೆವೆಲ್‌ಗೆ (ಅಂದರೆ ಕಡ್ಡಾಯದ ಪಣ ಏರುವ ತನಕದ ಒಂದು ಹಂತಕ್ಕೆ) 15 ನಿಮಿಷ. ಇನ್ನೊಂದು 15,000 ರೂಪಾಯಿಯ ಫ್ರೀಜ್‌ಔಟ್: ಔಟ್ ಆದರೆ ಅಲ್ಲಿಗೇ ಮುಗಿಯಿತು, ಲೆವೆಲ್‌ಗೆ 40 ನಿಮಿಷ. ಮೊದಲ ಸಲ ಹೋಗುವವರು ಐದು ಸಾವಿರ ಉಳಿಯಿತಲ್ಲ ಅಂತ ಟರ್ಬೊಗೆ ಹೆಸರು ಕೊಡುತ್ತಾರೆ. ಆ ಐದು ಸಾವಿರ ಅದೇ ಸಂಜೆ ಕೈಬಿಟ್ಟು ಹೋಗುತ್ತದೆ, ಜೊತೆಗೆ ಇನ್ನಷ್ಟು.

2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ಬಂದು, ದುಡ್ಡು ಕಟ್ಟಿ ಆಡುವ ಪೋಕರ್ ಆಪ್‌ಗಳು ನಿಂತುಹೋದವು. ಆಮೇಲೆ ಬೆಂಗಳೂರಿನ ನನ್ನ ಆಟದ ಗೆಳೆಯರೆಲ್ಲ ಪಣಜಿ ಬಸ್ಸು ಹಿಡಿಯುವ ಮಾತಾಡುತ್ತಿದ್ದಾರೆ. ಮಾಂಡವಿ ನದಿಯ ಮೇಲಿನ ಕ್ಯಾಸಿನೊ ಹಡಗುಗಳ ಬಗ್ಗೆ ವಿಚಾರಿಸುತ್ತಾರೆ. ಆಪ್‌ನಲ್ಲಿ ಪಳಗಿದ ಇವರಿಗೇ ಟರ್ಬೊದ 15 ನಿಮಿಷ ಜಾಸ್ತಿ ಮೋಸ ಮಾಡುವುದು. ಫೋನಿನಲ್ಲಿ ಐದು ನಿಮಿಷದ ಲೆವೆಲ್ ಆಡಿದವರಿಗೆ 15 ಅಂದರೆ ಧಾರಾಳ ಅನ್ನಿಸುತ್ತದೆ.

ಧಾರಾಳ ಅಲ್ಲ. ಫೋನಿನಲ್ಲಿ ಒಂದೇ ಟೇಬಲ್‌ನಲ್ಲಿ ಗಂಟೆಗೆ 60ಕ್ಕೂ ಹೆಚ್ಚು ಹ್ಯಾಂಡ್ (ಒಂದು ಸಲ ಎಲೆ ಹಂಚಿ ಮುಗಿಸುವ ಆಟ) ಬರುತ್ತವೆ. ಲೈವ್‌ನಲ್ಲಿ ಎಲೆ ಕಲಸಬೇಕು, ಕಟ್ ಮಾಡಬೇಕು, ಒಬ್ಬೊಬ್ಬರಿಗೂ ಹಾಕಬೇಕು, ಚಿಪ್ಸ್ ಎಣಿಸಬೇಕು. ಒಳ್ಳೆಯ ಡೀಲರ್ ಇದ್ದರೂ ಗಂಟೆಗೆ 25ರಿಂದ 30 ಹ್ಯಾಂಡ್, ಅಷ್ಟೇ. ಅಂದರೆ 15 ನಿಮಿಷದಲ್ಲಿ ಆರೋ ಏಳೋ. ಟೇಬಲ್‌ನಲ್ಲಿ ಒಂಬತ್ತು ಜನ ಕೂತಿದ್ದರೆ ಒಂದು ಪೂರ್ತಿ ಸುತ್ತು ಮುಗಿಯುವ ಮೊದಲೇ ಬ್ಲೈಂಡ್, ಅಂದರೆ ಸರದಿಯ ಪ್ರಕಾರ ಇಬ್ಬರು ಎಲೆ ನೋಡುವ ಮೊದಲೇ ಕಟ್ಟಬೇಕಾದ ಪಣ, ಏರಿರುತ್ತದೆ.

ನನ್ನ ಟರ್ಬೊದಲ್ಲಿ 25,000 ಚಿಪ್ಸ್ ಕೊಟ್ಟರು. ಬ್ಲೈಂಡ್ 100/200ರಿಂದ ಶುರು, ಅದರಲ್ಲಿ ದೊಡ್ಡದು ಬಿಗ್ ಬ್ಲೈಂಡ್. ಲೆಕ್ಕಕ್ಕೆ 125 ಬಿಗ್ ಬ್ಲೈಂಡ್, ನೆಮ್ಮದಿಯ ಆಟ ಅನ್ನಿಸುತ್ತದೆ. ಆರನೇ ಲೆವೆಲ್ 500/1000. ಅದು ಬಂದದ್ದು ಒಂದೂಕಾಲು ಗಂಟೆಗೆ. ಅಷ್ಟರಲ್ಲಿ ನನ್ನ ಮುಂದೆ ಬಿದ್ದ ಹ್ಯಾಂಡ್ ಹೆಚ್ಚೆಂದರೆ 35. ಅದರಲ್ಲಿ ಆಡುವಂಥದ್ದು ಏಳೆಂಟು ಬಂದರೆ ಪುಣ್ಯ. ಒಂದು ಚಿಪ್ಸೂ ಕಳೆದುಕೊಳ್ಳದೆ ಕೂತಿದ್ದರೂ 125 ಇದ್ದದ್ದು 25 ಬಿಗ್ ಬ್ಲೈಂಡ್‌ಗೆ ಇಳಿದಿರುತ್ತದೆ. ಮೇಲೆ ಆಂಟಿ ಬೇರೆ, ಅಂದರೆ ಪ್ರತಿ ಹ್ಯಾಂಡಿಗೂ ಮೊದಲೇ ಹಾಕಬೇಕಾದ ಇನ್ನೊಂದು ಪಣ. ಇಡೀ ಟೇಬಲ್ಲಿನ ಆಂಟಿಯನ್ನು ಬಿಗ್ ಬ್ಲೈಂಡ್‌ನಲ್ಲಿ ಕೂತವರೇ ಕಟ್ಟುವ ಪದ್ಧತಿ ಅಲ್ಲಿತ್ತು, ಹಾಗಾಗಿ ಆ ಸೀಟು ಬಂದಾಗಲೆಲ್ಲ ಎರಡು ಪಟ್ಟು ಹೋಗುತ್ತದೆ.

ಇದರ ಮೇಲೆ ಯೋಚನೆ ಮಾಡುತ್ತ ಕೂರುವವರು. ಮೂರನೇ ಲೆವೆಲ್‌ನಲ್ಲಿ ಎದುರಿನವರು ಒಬ್ಬರು ರಿವರ್ ಎಲೆ (ಟೇಬಲ್ ಮೇಲೆ ಎಲ್ಲರಿಗೂ ಸೇರಿ ಹಾಕುವ ಐದನೇ, ಕೊನೆಯ ಎಲೆ) ಬಿದ್ದ ಮೇಲೆ ಚಿಪ್ಸ್ ಎತ್ತುವುದು, ಕೆಳಗೆ ಬಿಡುವುದು, ಮತ್ತೆ ಎತ್ತುವುದು. ಬೋರ್ಡ್ ಮೇಲೆ ಎಕ್ಕ, ಗುಲಾಮ, ಮೂರು ಆಟೀನು. ಕೊನೆಗೆ ಯಾರೋ ಕ್ಲಾಕ್ ಕೇಳಿದರು, ಅಂದರೆ ಇವರಿಗೆ ಸಮಯದ ಮಿತಿ ಹಾಕಿ ಅಂದರು. ಆಟ ನೋಡಿಕೊಳ್ಳುವ ಫ್ಲೋರ್‌ನವರು ಬಂದು, ಸೆಕೆಂಡ್ ಎಣಿಸಿದ ಮೇಲೆ ಅವರು ಎಲೆ ಬಿಸಾಕಿದರು. ಗೋಡೆಯ ಮೇಲಿನ ಗಡಿಯಾರ ಇದಕ್ಕೆಲ್ಲ ನಿಲ್ಲುವುದಿಲ್ಲ. ಆ ಲೆವೆಲ್‌ನ ಕಾಲು ಭಾಗ ಒಂದೇ ಹ್ಯಾಂಡ್‌ಗೆ ಹೋಯಿತು, ನಾನು ಅದರಲ್ಲಿ ಇರಲೂ ಇಲ್ಲ. 40 ನಿಮಿಷದ ಲೆವೆಲ್‌ನಲ್ಲಿ ಅದೇ ನಾಲ್ಕು ನಿಮಿಷ ಗೊತ್ತೂ ಆಗುವುದಿಲ್ಲ.

ಫ್ರೀಜ್‌ಔಟ್‌ನಲ್ಲಿ ಆರನೇ ಲೆವೆಲ್ ಬರುವ ಹೊತ್ತಿಗೆ ಮೂರು ಗಂಟೆ ಇಪ್ಪತ್ತು ನಿಮಿಷ ಆಗಿತ್ತು. 90ರ ಹತ್ತಿರ ಹ್ಯಾಂಡ್ ನೋಡಿದ್ದೆ. ಎಡಗಡೆಯವರು ಎಕ್ಕ ಇದ್ದರೆ ಎಂಥದ್ದಕ್ಕೂ ಕಾಲ್ ಮಾಡುತ್ತಾರೆ (ಎದುರಿನವರು ಕಟ್ಟಿದಷ್ಟನ್ನೇ ಕಟ್ಟುತ್ತಾರೆ), ಮೂಲೆಯ ಹೆಂಗಸು ರೀ-ರೈಸ್ ಮಾಡಿದರೆ (ಏರಿಸಿದ ಪಣವನ್ನು ಮತ್ತೆ ಏರಿಸಿದರೆ) ಸುಮ್ನೆ ಬಿಟ್ಟುಬಿಡಬೇಕು ಅನ್ನುವುದೆಲ್ಲ ಅಷ್ಟರಲ್ಲಿ ತಿಳಿದಿತ್ತು. ಲೈವ್ ಆಟದ ಸೊಗಸೇ ಅದು, ಅಲ್ವಾ? ಅದಕ್ಕೆ ಸಮಯ ಕೊಡದ ಟೂರ್ನಮೆಂಟಿಗೆ ಗೋವಾ ತನಕ ಯಾಕೆ ಹೋಗಬೇಕು?

ಇನ್ನು ದುಡ್ಡಿನ ಮಾತು. ರೀ-ಎಂಟ್ರಿಯಲ್ಲಿ ಜೊತೆಗೆ ಕೂತವರಲ್ಲಿ ಸುಮಾರು ಜನ ಮೂರು ಬುಲೆಟ್, ಅಂದರೆ ಮೂರು ಎಂಟ್ರಿಯ ದುಡ್ಡು, ಇಟ್ಟುಕೊಂಡೇ ಬಂದಿರುತ್ತಾರೆ. ಮೊದಲ ಗಂಟೆಯಲ್ಲಿ ಕಂಡಕಂಡದ್ದಕ್ಕೆ ಇದ್ದ ಚಿಪ್ಸೆಲ್ಲ ಇಟ್ಟು ಆಲ್ ಇನ್ ಹೋಗುತ್ತಾರೆ. ಒಂದೇ ಬುಲೆಟ್ ಇರುವವರಿಗೆ ಅವರ ಎದುರು ಪ್ರತಿ ಕಾಲ್ ಕೂಡ ಇಡೀ ಪ್ರವಾಸದ ಪ್ರಶ್ನೆ. ನಾವೂ ಮೂರು ಸಲ ಕಟ್ಟೋಣ ಅಂದರೆ 30,000. ಬಹುಮಾನದ ಕೆಳಗಿನ ಮೆಟ್ಟಿಲು ಸಾಮಾನ್ಯವಾಗಿ ಒಂದು ಎಂಟ್ರಿಯ ಎರಡರಷ್ಟು, ಅಂದರೆ 20,000. ಬಹುಮಾನ ಗೆದ್ದೂ ಹತ್ತು ಸಾವಿರ ಕೈಯಿಂದ ಹೋಯಿತು. ಇಸ್ಪೀಟಿನ ಗೆಲುವಿಗೆ 30 ಪರ್ಸೆಂಟ್ ತೆರಿಗೆ ಬೇರೆ, ಸೋತ ಟೂರ್ನಮೆಂಟಿನ ಖರ್ಚನ್ನು ಅದರಲ್ಲಿ ಕಳೆಯಲು ಬರುವುದಿಲ್ಲ. ಸಂಬಳದಲ್ಲಿ ಆಟಕ್ಕೆ ಅಂತ ಎತ್ತಿಡುವ ನನ್ನಂಥವರಿಗೆ 15,000 ಕಟ್ಟಿ, ಹೋದರೆ ಅಷ್ಟೇ ಹೋಯಿತು ಅನ್ನುವುದೇ ಸಮಾಧಾನ. ಔಟ್ ಆದ ಸಿಟ್ಟಿನಲ್ಲಿ ಕೌಂಟರ್ ಕಡೆ ಓಡುವ ದಾರಿಯೇ ಅಲ್ಲಿಲ್ಲ.

ಟರ್ಬೊ ಪರವಾಗಿ ಒಂದು ಮಾತು: ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಫ್ರೀಜ್‌ಔಟ್‌ಗೆ ಎರಡು ದಿನ ಬೇಕು, ರಜೆ ಹಾಕಬೇಕು. ದುಡ್ಡಿಗಿಂತ ರಜೆಯೇ ಕಷ್ಟ ಇರುವವರಿಗೆ, ತಿಂಗಳಿಗೊಮ್ಮೆ ಗೋವಾಕ್ಕೆ ಹೋಗುವವರಿಗೆ ಅದೇ ಸರಿ ಇರಬಹುದು.

ನಿಯಮಗಳಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಬಾಯಲ್ಲಿ ರೈಸ್ ಅನ್ನದೆ ಒಂದೇ ಒಂದು ದೊಡ್ಡ ಚಿಪ್ಸ್ ಮುಂದೆ ಹಾಕಿದರೆ ಅದು ಕಾಲ್ ಅಂತಲೇ ಲೆಕ್ಕ, ಬ್ಲೈಂಡ್ 1000 ಇದ್ದು 5000ದ ಚಿಪ್ಸ್ ಹಾಕಿದ್ದರೂ ಅಷ್ಟೇ. ಮೊದಲು ಬಾಯಲ್ಲಿ ಹೇಳಿ, ಆಮೇಲೆ ಕೈ ಮುಂದೆ ಮಾಡಿ. ಗೋವಾ ಕ್ಯಾಸಿನೊಗಳಿಗೆ 21 ತುಂಬಿರಬೇಕು, ಗುರುತಿನ ಚೀಟಿ ಮರೆಯಬೇಡಿ.

ದುಡ್ಡು ಕಟ್ಟುವ ಮೊದಲು ಸ್ಟ್ರಕ್ಚರ್ ಶೀಟ್ (ಲೆವೆಲ್, ಬ್ಲೈಂಡ್‌ಗಳ ಪಟ್ಟಿ) ಕೇಳಿ. ಬಹುಮಾನದ ಮೊತ್ತ ಆಮೇಲೆ, ಮೊದಲು ಲೆವೆಲ್ ಎಷ್ಟು ನಿಮಿಷ ಅಂತ ನೋಡಿ. 30ಕ್ಕಿಂತ ಕಡಿಮೆ ಇದ್ದರೆ ನಾನಂತೂ ಬೇರೆ ವಾರ ನೋಡುತ್ತೇನೆ. ರೂಮನ್ನು ಎರಡು ರಾತ್ರಿಗೆ ಹಿಡಿಯಿರಿ, ಎರಡನೆಯದು ಕ್ಯಾನ್ಸಲ್ ಮಾಡಲು ಬರುವಂಥದ್ದಿರಲಿ. ಮೊದಲ ದಿನವೇ ಔಟ್ ಆದರೆ ಅದೇ ರಾತ್ರಿಯ ಬಸ್ಸಿಗೆ ವಾಪಸ್ ಹೊರಡಬಹುದು.